ಕಸದ ಲಾರಿಯಿಂದ ಕಾಲೇಜಿಗೆ ಕರೆದೊಯ್ದವರು

1975ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫ್ರೆಂಚ್ ಲಿಕ್ ಎಂಬ ಸಣ್ಣ ಊರಿನಲ್ಲಿ ಹದಿನೆಂಟರ ಹುಡುಗನೊಬ್ಬ ಪಟ್ಟಣ ಆಡಳಿತದ ಕೂಲಿ ಕೆಲಸಕ್ಕಿದ್ದ. ಕಸದ ಲಾರಿಗೆ ಕಸ ತುಂಬುವುದು, ಹುಲ್ಲು ಕತ್ತರಿಸುವುದು, ಬೆಂಚುಗಳಿಗೆ ಬಣ್ಣ ಹೊಡೆಯುವುದು, ಚಳಿಗಾಲದಲ್ಲಿ ರಸ್ತೆ ಮೇಲಿನ ಹಿಮ ತೆಗೆಯುವುದು ಅವನ ಕೆಲಸ. ಹಿಂದಿನ ವರ್ಷ ದೊಡ್ಡ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ ಸೇರಿ, 24ನೇ ದಿನಕ್ಕೆ ಬಿಟ್ಟು ಮನೆಗೆ ಬಂದಿದ್ದ. ಅವನ ಹೆಸರು ಲ್ಯಾರಿ ಬರ್ಡ್. ಮುಂದೆ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಮೂರು ಬಾರಿ ಲೀಗ್ ಪ್ರಶಸ್ತಿ ತಂದುಕೊಟ್ಟು, 1984, 1985, 1986ರಲ್ಲಿ ಸತತವಾಗಿ ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡವರು ಇದೇ ಬರ್ಡ್.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಓದುಗರ ಮುಂದೆ ಈ ಬದುಕನ್ನು ಇಡಲು ಒಂದೇ ಕಾರಣ. ನಮ್ಮ ಐದು ತಾಲ್ಲೂಕುಗಳಲ್ಲಿ ಜಿಲ್ಲಾ ಮಟ್ಟ, ವಿಭಾಗ ಮಟ್ಟದವರೆಗೆ ಆಡಿ, ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೋ ಮಂಡ್ಯದ ಕಡೆ ಕಬ್ಬು ಕಡಿಯಲಿಕ್ಕೋ ಹೋದ ಹುಡುಗ ಹುಡುಗಿಯರು ಯಾವ ಊರಲ್ಲಿ ಕೇಳಿದರೂ ಇದ್ದಾರೆ. ಹದಿನೆಂಟನೇ ವಯಸ್ಸಿಗೆ ಬರ್ಡ್ ಕೂಡ ಅಂಥವರಲ್ಲಿ ಒಬ್ಬ. ಆಮೇಲೆ ಆದ ಒಂದು ಸಂಗತಿ ಅವನ ದಾರಿಯನ್ನು ಬೇರೆ ಮಾಡಿತು. ಆ ಸಂಗತಿ ನಮ್ಮಲ್ಲಿ ಏಕೆ ನಡೆಯುವುದಿಲ್ಲ ಎಂದು ನಾವು ಕೇಳಿಕೊಳ್ಳಬೇಕು.

ಮೊದಲು ಆ ಊರನ್ನು ನೋಡೋಣ. ಆಗ ಫ್ರೆಂಚ್ ಲಿಕ್‌ನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ನಮ್ಮ ಕೊಟ್ಟೂರಿನಲ್ಲಿ ಅದರ ಹಲವು ಪಟ್ಟು ಜನರಿದ್ದಾರೆ. ಗಂಧಕದ ಬುಗ್ಗೆಗಳಿಗೆ ಹಿಂದೆ ಹೆಸರಾಗಿದ್ದ ಊರದು. ಬುಗ್ಗೆ ನೀರಿಗಾಗಿ ಬರುತ್ತಿದ್ದ ಶ್ರೀಮಂತರ ಕಾಲ ಮುಗಿದ ಮೇಲೆ ಹೋಟೆಲು ಮತ್ತು ಸಣ್ಣ ಕಾರ್ಖಾನೆಗಳ ಕೂಲಿಯೇ ಊರವರಿಗೆ ಗತಿಯಾಗಿತ್ತು. ಬರ್ಡ್ ಹುಟ್ಟಿದ್ದು 1956ರ ಡಿಸೆಂಬರ್ 7ರಂದು. ಮನೆಯಲ್ಲಿ ಆರು ಮಕ್ಕಳು. ತಂದೆ ಜೋ ಕೊರಿಯಾ ಯುದ್ಧದಿಂದ ಹಿಂದಿರುಗಿದ ಸೈನಿಕ, ಕೆಲಸಗಳಲ್ಲಿ ನಿಲ್ಲಲಾರದೆ ಕುಡಿತಕ್ಕೆ ಬಿದ್ದಿದ್ದರು. ತಾಯಿ ಜಾರ್ಜಿಯಾ ಹೋಟೆಲುಗಳಲ್ಲಿ ದುಡಿದು ಸಂಸಾರ ನಡೆಸಿದರು. ಲ್ಯಾರಿ ಹೈಸ್ಕೂಲಿನ ಹೆಚ್ಚು ದಿನಗಳನ್ನು ಅಜ್ಜಿಯ ಮನೆಯಲ್ಲಿ ಕಳೆದ.

ಇಂಥ ಊರಿನಲ್ಲೂ ಒಂದು ವಸ್ತು ಗಟ್ಟಿಯಾಗಿತ್ತು. ಅದು ಶಾಲೆಯ ಒಳಾಂಗಣ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಚಳಿಗಾಲದ ಒಳಾಂಗಣ ಆಟವಾಗಿ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಗೋಡೆಯ ಮೇಲೆ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮಗಳನ್ನು ಬರೆದು ಇದನ್ನು ಶುರು ಮಾಡಿದರು. ಇಂಡಿಯಾನಾ ರೈತರ ರಾಜ್ಯ. ಹೊಲದ ಕೆಲಸ ಮುಗಿದು ಹಿಮ ಬೀಳತೊಡಗಿದರೆ ಜನ ಸೇರಲು ಶಾಲೆಯ ಒಳಾಂಗಣಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಹೀಗಾಗಿ ಅಲ್ಲಿ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಇಡೀ ಊರಿನ ಹಬ್ಬವಾಯಿತು. ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ಭೇದವಿಲ್ಲದೆ ರಾಜ್ಯಕ್ಕೆಲ್ಲ ಒಂದೇ ಟೂರ್ನಿ ನಡೆಯುತ್ತಿತ್ತು. 1954ರಲ್ಲಿ ಮೈಲನ್ ಎಂಬ ಹಳ್ಳಿಯ 161 ವಿದ್ಯಾರ್ಥಿಗಳ ಶಾಲೆ, ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು ಫೈನಲ್‌ನಲ್ಲಿ 32–30ರಿಂದ ಸೋಲಿಸಿ ರಾಜ್ಯ ಗೆದ್ದಿತು. ಅಲ್ಲಿನ ಜನ ಇಂದಿಗೂ ಹೇಳಿಕೊಳ್ಳುವ ಗೆಲುವು ಅದು.

ಬರ್ಡ್ ಓದಿದ ಸ್ಪ್ರಿಂಗ್ಸ್ ವ್ಯಾಲಿ ಶಾಲೆ ಅಕ್ಕಪಕ್ಕದ ಎರಡು ಊರಿನ ಶಾಲೆಗಳನ್ನು ಒಂದುಗೂಡಿಸಿ ಕಟ್ಟಿದ್ದು. ಮೊದಲ ವರ್ಷವೇ ಅದರ ತಂಡ ರಾಜ್ಯದ ಕೊನೆಯ ನಾಲ್ಕರೊಳಗೆ ಬಂದಿತ್ತು. ಆ ಶಾಲೆಯ ತರಬೇತುದಾರ ಜಿಮ್ ಜೋನ್ಸ್, ಹುಡುಗರು ತರಗತಿ ಶುರುವಾಗುವ ಮೊದಲೇ ಬಂದು ಫ್ರೀ ಥ್ರೋ ಹೊಡೆಯಬೇಕೆನ್ನುವ ಮನುಷ್ಯ. ಎಡಗೈಯಲ್ಲೂ ಚೆಂಡು ಆಡಿಸಬೇಕು, ಜೊತೆಗಾರನಿಗೆ ಪಾಸ್ ಕೊಡಬೇಕು ಎಂಬುದು ಅವರ ಪಾಠ. ಹೈಸ್ಕೂಲಿನಲ್ಲಿ ಒಮ್ಮೆ ಕಾಲಿನ ಗಂಟು ಮುರಿದು ಕುಳಿತಾಗಲೂ ಬರ್ಡ್ ಊರುಗೋಲಿಗೆ ಒರಗಿ ಚೆಂಡು ಎಸೆಯುತ್ತಿದ್ದ. ಕೊನೆಯ ವರ್ಷಗಳಲ್ಲಿ ಸರಸರನೆ ಎತ್ತರಕ್ಕೆ ಬೆಳೆದ. ಶಾಲೆ ಬಿಡುವ ಹೊತ್ತಿಗೆ ಅದರ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವನಾಗಿದ್ದ.

ಓಡುವ ವೇಗದಲ್ಲಾಗಲಿ ನೆಗೆತದಲ್ಲಾಗಲಿ ಬರ್ಡ್ ಯಾವತ್ತೂ ಮುಂದಿರಲಿಲ್ಲ. ಆರಡಿ ಒಂಬತ್ತಿಂಚಿನ ಎತ್ತರವಿತ್ತು, ನಿಜ. ಅಷ್ಟೇ ಎತ್ತರದವರು ಆ ದೇಶದಲ್ಲಿ ನೂರಾರು ಜನರಿದ್ದರು. ಬೇರೆಯವರಿಗಿಂತ ಒಂದು ಕ್ಷಣ ಮೊದಲು ಆಟವನ್ನು ಓದುವ ಕಣ್ಣು ಅವರ ಶಕ್ತಿ. ದಿನವೂ ಅದೇ ನೆಲದ ಮೇಲೆ ಸಾವಿರ ಸಲ ಮಾಡಿದ್ದನ್ನೇ ಮಾಡಿದರೆ ಮಾತ್ರ ಅಂಥ ಕಣ್ಣು ಬರುತ್ತದೆ. ಅದಕ್ಕೆ ನೆಲ ಇರಬೇಕು, ಬಾಗಿಲು ತೆರೆದಿರಬೇಕು, ಬಾಗಿಲು ತೆರೆಯುವ ಮೇಷ್ಟ್ರು ಇರಬೇಕು.

1974ರಲ್ಲಿ ಬರ್ಡ್ ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿನ ತರಬೇತುದಾರ ಬಾಬಿ ನೈಟ್ ದೇಶದಲ್ಲೇ ಪ್ರಸಿದ್ಧರು. ವಿದ್ಯಾರ್ಥಿಗಳ ಸಂಖ್ಯೆ ಮೂವತ್ತು ಸಾವಿರಕ್ಕೂ ಹೆಚ್ಚು. ಎರಡು ಸಾವಿರ ಜನರ ಊರಿನಿಂದ, ಕೈಯಲ್ಲಿ ಕಾಸಿಲ್ಲದೆ, ಹಾಕಿಕೊಳ್ಳಲು ಒಂದೆರಡು ಜೊತೆ ಬಟ್ಟೆಯಲ್ಲಿ ಹೋದ ಹುಡುಗನಿಗೆ ಉಸಿರು ಕಟ್ಟಿತು. ಆಟದ ಋತು ಶುರುವಾಗುವ ಮುಂಚೆಯೇ ರಸ್ತೆಗೆ ಬಂದು, ಸಿಕ್ಕ ವಾಹನಕ್ಕೆ ಕೈ ಅಡ್ಡ ಹಾಕಿ ಮನೆ ಸೇರಿದ. ಕೂಡ್ಲಿಗಿಯಿಂದ ಬಳ್ಳಾರಿಗೆ ಹೆಚ್ಚುಕಡಿಮೆ ಎಷ್ಟು ದೂರವೋ ಅಷ್ಟೇ ದೂರ ಅದು. ಆದರೂ ಆ ಹುಡುಗನಿಗೆ ಅದು ಬೇರೆ ಲೋಕ. ಊರಿನಿಂದ ಹಾಸ್ಟೆಲಿಗೆ ಹೋಗಿ ತಿಂಗಳೊಳಗೆ ಪೆಟ್ಟಿಗೆ ಸಮೇತ ವಾಪಸ್ಸು ಬಂದ ಮಕ್ಕಳನ್ನು ಕಂಡ ಯಾವ ತಾಯಿತಂದೆಗೂ ಇದು ಅರ್ಥವಾಗುತ್ತದೆ. ಸಮೀಪದ ಇನ್ನೊಂದು ಸಣ್ಣ ಕಾಲೇಜಿಗೆ ಸೇರಿದ, ಅದನ್ನೂ ಬಿಟ್ಟ. ಕಸದ ಲಾರಿಯ ಕೆಲಸ ಹಿಡಿದ. 1975ರ ಆರಂಭದಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಂಡರು.

ಈ ಕಥೆ ಇಲ್ಲಿಗೆ ನಿಂತಿದ್ದರೆ ಲ್ಯಾರಿ ಬರ್ಡ್ ಎಂಬ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೆರ‍್ರೆ ಹೋಟ್ ಎಂಬ ಪಟ್ಟಣದಲ್ಲಿದ್ದ, ಅಷ್ಟೇನೂ ಹೆಸರಿಲ್ಲದ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಸಹಾಯಕ ತರಬೇತುದಾರ ಬಿಲ್ ಹಾಡ್ಜಸ್ ಅದನ್ನು ನಿಲ್ಲಲು ಬಿಡಲಿಲ್ಲ. ಕಾಲೇಜು ಬಿಟ್ಟ ಹುಡುಗನೊಬ್ಬ ಆ ಊರಿನಲ್ಲಿದ್ದಾನೆಂದು ತಿಳಿದು ಫ್ರೆಂಚ್ ಲಿಕ್‌ಗೆ ಬಂದು ಹುಡುಕಿದರು. ಬಟ್ಟೆ ಒಗೆಯುವ ಅಂಗಡಿಯಿಂದ ಅಜ್ಜಿಯ ಜೊತೆ ಹೊರಬರುತ್ತಿದ್ದ ಬರ್ಡ್ ಸಿಕ್ಕ. ಹುಡುಗನಿಗೆ ಬರುವ ಮನಸ್ಸಿರಲಿಲ್ಲ. ಊರಿನ ಇನ್ನೊಬ್ಬ ಗೆಳೆಯನ ಹೆಸರು ಹೇಳಿ, ಅವನು ಕಾಲೇಜಿಗೆ ಹೋಗಿದ್ದರೆ ದೊಡ್ಡ ಆಟಗಾರನಾಗುತ್ತಿದ್ದ ಎಂದ. ನಿನ್ನ ಬಗ್ಗೆಯೂ ಮುಂದೊಂದು ದಿನ ಊರವರು ಹೀಗೇ ಅನ್ನುತ್ತಾರೆ ಎಂದು ಹಾಡ್ಜಸ್ ಉತ್ತರಿಸಿದ್ದಾಗಿ ಹೇಳಿಕೊಂಡಿದ್ದಾರೆ. ಹುಡುಗ ಒಪ್ಪಿದ. ಶುಲ್ಕ, ವಸತಿ, ಊಟ ಎಲ್ಲವನ್ನೂ ವಿಶ್ವವಿದ್ಯಾಲಯವೇ ನೋಡಿಕೊಂಡಿತು. ಬೇರೆ ಕಡೆಯಿಂದ ಬಂದ ವಿದ್ಯಾರ್ಥಿ ಒಂದು ವರ್ಷ ಆಡದೆ ಕಾಯಬೇಕೆಂಬ ನಿಯಮದಂತೆ ಕಾದ. 1976ರಿಂದ ಆಡಲು ಇಳಿದ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪ್ರತಿಭೆಯನ್ನು ಗುರುತಿಸುವ ಕೆಲಸ ಎಲ್ಲ ದೇಶಗಳಲ್ಲೂ ಒಂದಷ್ಟು ನಡೆಯುತ್ತದೆ. ಒಮ್ಮೆ ಗುರುತಿಸಿದ ಮೇಲೆ ಕೈತಪ್ಪಿ ಹೋದ ಪ್ರತಿಭೆಯನ್ನು ಮನೆಯವರೆಗೂ ಹೋಗಿ ವಾಪಸ್ಸು ಕರೆಯುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಕ್ರೀಡಾಕೂಟ ಸಾಕು. ಎರಡನೆಯದಕ್ಕೆ ಸಂಬಳ ಪಡೆದು ಅದನ್ನೇ ಕೆಲಸವಾಗಿ ಮಾಡುವ ಮನುಷ್ಯ ಬೇಕು. ಹಾಡ್ಜಸ್ ದಯೆಯಿಂದ ಬಂದವರಲ್ಲ. ಒಳ್ಳೆಯ ಆಟಗಾರರನ್ನು ತರುವುದು ಅವರ ಉದ್ಯೋಗದ ಭಾಗ, ವಿಶ್ವವಿದ್ಯಾಲಯಕ್ಕೆ ಅದರಿಂದ ಹೆಸರು, ಹಣ ಎರಡೂ ಬರುತ್ತಿದ್ದವು. ಆ ವ್ಯವಸ್ಥೆಯ ಲೋಭವನ್ನು ಅಮೆರಿಕದಲ್ಲೇ ಅನೇಕರು ಟೀಕಿಸಿದ್ದಾರೆ, ಆ ಟೀಕೆಯಲ್ಲಿ ಸತ್ಯವೂ ಇದೆ. ಹಾಗಿದ್ದರೂ ಕಸದ ಲಾರಿಯ ಹುಡುಗನ ಬಾಗಿಲು ತಟ್ಟಿದ್ದು ಅದೇ ವ್ಯವಸ್ಥೆ.

ಮುಂದಿನದನ್ನು ಬೇಗ ಹೇಳಬಹುದು. 1978–79ರ ಋತುವಿನಲ್ಲಿ ಹಾಡ್ಜಸ್ ಮುಖ್ಯ ತರಬೇತುದಾರರಾದರು. ಅವರ ತಂಡ ಸತತ 33 ಪಂದ್ಯ ಗೆದ್ದು ರಾಷ್ಟ್ರೀಯ ಫೈನಲ್ ಮುಟ್ಟಿತು. 1979ರ ಮಾರ್ಚ್ 26ರಂದು ಮ್ಯಾಜಿಕ್ ಜಾನ್ಸನ್ ಎಂಬ ಆಟಗಾರನಿದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎದುರು 75–64ರಿಂದ ಸೋತಿತು. ಅಮೆರಿಕದಲ್ಲಿ ಬೇರೆ ಯಾವ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನೂ ಅಷ್ಟು ಪ್ರಮಾಣದ ಮನೆಗಳು ಟಿವಿಯಲ್ಲಿ ನೋಡಿಲ್ಲ. ಅದೇ ವರ್ಷ ಬರ್ಡ್ ದೈಹಿಕ ಶಿಕ್ಷಣದಲ್ಲಿ ಪದವಿ ಮುಗಿಸಿದರು. ವೃತ್ತಿಪರ ಆಟ ದಕ್ಕದೆ ಹೋಗಿದ್ದರೆ ಅವರು ಎಲ್ಲೋ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಗೌರವದಿಂದ ಬದುಕಬಹುದಿತ್ತು. ಲೀಗಿನಲ್ಲಿ ಜಾಗ ಸಿಗುವುದು ಕೆಲವೇ ನೂರು ಜನರಿಗೆ. ಉಳಿದ ಸಾವಿರಾರು ಆಟಗಾರರಿಗೆ ಕೈಯಲ್ಲಿ ಉಳಿಯುವುದು ಆ ಪದವಿಯೇ, ಹಾಗಾಗಿ ಇದನ್ನು ಸಣ್ಣ ಸಂಗತಿ ಎಂದು ದಾಟಿ ಹೋಗಬಾರದು.

ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಹಂಚಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಹಿಂದೆ ಬಿದ್ದ ತಂಡಗಳಿಗೆ ಮೊದಲು ಆರಿಸುವ ಅವಕಾಶ. ಹೀಗೆ ಮಾಡಿದರೆ ದುಡ್ಡಿರುವ ಒಂದೇ ತಂಡ ಎಲ್ಲ ಒಳ್ಳೆಯ ಆಟಗಾರರನ್ನೂ ಕೊಂಡುಕೊಳ್ಳಲಾಗದು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಬರ್ಡ್‌ಗೆ ಇನ್ನೂ ಒಂದು ವರ್ಷದ ಓದು ಬಾಕಿಯಿದ್ದಾಗಲೇ, 1978ರಲ್ಲಿ, ಬಾಸ್ಟನ್ ಸೆಲ್ಟಿಕ್ಸ್ ಆರನೇ ಆಯ್ಕೆಯಾಗಿ ಅವರನ್ನು ಕಾದಿರಿಸಿತು. ಹಿಂದಿನ ಋತುವಿನಲ್ಲಿ 29 ಪಂದ್ಯ ಮಾತ್ರ ಗೆದ್ದಿದ್ದ ಆ ತಂಡ, ಅವರು ಬಂದ ಮೊದಲ ಋತುವಿನಲ್ಲೇ 61 ಗೆದ್ದಿತು. ದೂರದಿಂದ ಹಾಕಿದ ಬುಟ್ಟಿಗೆ ಮೂರು ಅಂಕ ಕೊಡುವ ನಿಯಮ ಎನ್‌ಬಿಎಗೆ ಬಂದದ್ದೂ ಅದೇ 1979–80ರಲ್ಲಿ. ಆ ಗೆರೆಯ ಬೆಲೆಯನ್ನು ಮೊದಲು ಅರಿತವರಲ್ಲಿ ಬರ್ಡ್ ಒಬ್ಬರು. 1986ರಲ್ಲಿ ಶುರುವಾದ ಮೂರಂಕದ ಸ್ಪರ್ಧೆಯನ್ನು ಮೊದಲ ಮೂರು ವರ್ಷವೂ ಗೆದ್ದರು. 1981, 1984, 1986ರಲ್ಲಿ ಸೆಲ್ಟಿಕ್ಸ್ ಚಾಂಪಿಯನ್ ಆಯಿತು. ಹದಿಮೂರು ಋತುಗಳಲ್ಲಿ 897 ಪಂದ್ಯ, ಪ್ರತಿ ಪಂದ್ಯಕ್ಕೆ ಸರಾಸರಿ 24.3 ಅಂಕ.

ದೇಹ ಮಾತ್ರ ಬೇಗ ಸೋತಿತು. 1985ರ ಬೇಸಿಗೆಯಲ್ಲಿ ತಾಯಿಯ ಮನೆಗೆ ದಾರಿ ಮಾಡಲು ಜಲ್ಲಿಯನ್ನು ಸಲಿಕೆಯಲ್ಲಿ ಎತ್ತಿ ಹಾಕುವಾಗ ಬೆನ್ನಿಗೆ ಪೆಟ್ಟಾಯಿತು. ಕೋಟ್ಯಧಿಪತಿಯಾದ ಮೇಲೂ ಕೂಲಿಯವರನ್ನು ಕರೆಯದೆ ತಾನೇ ಸಲಿಕೆ ಹಿಡಿದ ಮಗ ಅವರು. ನನಗೆ ಅವರ ಬದುಕಿನಲ್ಲಿ ಅತ್ಯಂತ ಹತ್ತಿರವೆನಿಸುವ ಸಂಗತಿ ಇದು. ಆ ಬೆನ್ನುನೋವು ಮತ್ತೆ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಆಟದ ನಡುವೆ ಬೆಂಚಿನ ಮೇಲೆ ಕೂರಲಾಗದೆ ನೆಲದ ಮೇಲೆ ಬೋರಲು ಮಲಗಿರುತ್ತಿದ್ದರು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಆಡಿ, ಆಗಸ್ಟ್ 18ರಂದು ನಿವೃತ್ತರಾದರು. 1997ರಿಂದ ಮೂರು ಋತು ತಮ್ಮದೇ ರಾಜ್ಯದ ಇಂಡಿಯಾನಾ ಪೇಸರ್ಸ್ ತಂಡದ ತರಬೇತುದಾರರಾಗಿ, ಮೊದಲ ವರ್ಷವೇ ಲೀಗಿನ ಶ್ರೇಷ್ಠ ತರಬೇತುದಾರ ಪ್ರಶಸ್ತಿ ಪಡೆದರು. ಆಮೇಲೆ ಅದೇ ತಂಡದ ಆಡಳಿತ ನಡೆಸಿ 2012ರಲ್ಲಿ ಶ್ರೇಷ್ಠ ಆಡಳಿತಗಾರ ಎನಿಸಿಕೊಂಡರು. ಆಟಗಾರ, ತರಬೇತುದಾರ, ಆಡಳಿತಗಾರ ಈ ಮೂರೂ ಪಟ್ಟ ಪಡೆದವರು ಬೇರೆ ಯಾರೂ ಇಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಸ್ಪ್ರಿಂಗ್‌ಫೀಲ್ಡ್‌ಗೂ ನಮಗೂ ಹಳೆಯ ನಂಟೊಂದಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಆ ಮದ್ರಾಸಿನಲ್ಲಿ 1920ರಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ ಆರಂಭಿಸಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು, ನೈಸ್ಮಿತ್ ಬುಟ್ಟಿ ಕಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್ ಸಂಸ್ಥೆಯಲ್ಲಿ ಕಲಿತವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದೊಯ್ದವರೂ ಅವರೇ. ಶಾಲೆಗೊಬ್ಬ ಪಿ.ಟಿ. ಮೇಷ್ಟ್ರು ಇರಬೇಕು ಎಂಬ ಆಲೋಚನೆ ನಮ್ಮ ಸೀಮೆಗೆ ಬಂದ ದಾರಿಗಳಲ್ಲಿ ಅದೂ ಒಂದು.

ಪ್ರತಿಭೆಯನ್ನು ಗುರುತಿಸುವ ಆ ಮೊದಲ ಬಾಗಿಲು ಇಂದಿಗೂ ಒಂದು ಮಟ್ಟಿಗೆ ತೆರೆದಿದೆ. ಪಿ.ಟಿ. ಮೇಷ್ಟ್ರು ಇರುವ ಶಾಲೆಯಲ್ಲಿ ಮಕ್ಕಳು ಖೋ ಖೋ, ಕಬಡ್ಡಿ, ವಾಲಿಬಾಲ್ ಆಡುತ್ತಾರೆ, ಹೋಬಳಿ ಮಟ್ಟ ದಾಟಿ ತಾಲ್ಲೂಕು, ಜಿಲ್ಲೆಗೆ ಹೋಗುತ್ತಾರೆ. ಒಬ್ಬ ಮೇಷ್ಟ್ರು, ಒಂದು ಅಂಕಣ ಗಟ್ಟಿಯಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಆಡಿದ ಬಿ. ಚೈತ್ರಾ, ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯವರು.

ಆದರೆ ನಮ್ಮ ತಾಲ್ಲೂಕುಗಳಲ್ಲಿ ಮೆಟ್ಟಿಲುಗಳೇ ಸ್ಥಿರವಾಗಿ ನಿಂತಿಲ್ಲ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದೇ ಊರಿನ ಅಣ್ಣ ಒಂದು ಜಿಲ್ಲೆಯ ತಂಡಕ್ಕೆ ಆಡಿದರೆ ತಮ್ಮ ಇನ್ನೊಂದಕ್ಕೆ. ಜಿಲ್ಲೆ ಬದಲಾದಾಗಲೆಲ್ಲ ಆಯ್ಕೆದಾರರು ಬೇರೆ, ಪರಿಚಯಗಳು ಬೇರೆ, ಹೋಗಬೇಕಾದ ಊರು ಬೇರೆ. ಕೊಟ್ಟೂರು ತಾಲ್ಲೂಕಾದದ್ದೇ 2018ರಲ್ಲಿ. ಹೊಸ ಆಡಳಿತ ಹತ್ತಿರ ಬಂದದ್ದು ಒಳ್ಳೆಯದೇ, ಕ್ರೀಡೆಯ ಮಟ್ಟಿಗೆ ಅದು ಬೇರು ಬಿಡಲು ಸಮಯ ಬೇಕು.

ಇನ್ನೂ ದೊಡ್ಡ ಕೊರತೆ, ಕೈತಪ್ಪಿದವರನ್ನು ವಾಪಸ್ಸು ಕರೆಯುವ ಎರಡನೇ ಬಾಗಿಲಿನದು. ಶಾಲಾ ಕ್ರೀಡಾಕೂಟಕ್ಕೆ ಶಾಲೆಯಲ್ಲಿರಬೇಕು. ಕ್ರೀಡಾ ವಸತಿ ನಿಲಯಗಳ ಆಯ್ಕೆ ಮುಖ್ಯವಾಗಿ ಓದುತ್ತಿರುವ ಮಕ್ಕಳಿಗೆ. ಅಂತರ ಕಾಲೇಜು ಪಂದ್ಯಕ್ಕೆ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಹತ್ತನೆಯ ತರಗತಿಯ ಮೇಲೆ ಗುಳೆ ಹೋದ ತಾಂಡಾದ ಹುಡುಗನ ಹೆಸರು ಈ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವನು ಆಟದಲ್ಲಿ ಸೋತವನಲ್ಲ, ಪಟ್ಟಿಯಿಂದ ಹೊರಬಿದ್ದವನು. ಮದುವೆಯಾಗಿ ಹೋದ ಹುಡುಗಿಯದು ಇನ್ನೂ ಕಷ್ಟ. ರೈಲ್ವೆ, ಬ್ಯಾಂಕು, ಪೊಲೀಸು, ಸೇನೆ ಇವೇ ನಮ್ಮ ದೇಶದಲ್ಲಿ ಆಟಗಾರರಿಗೆ ಅನ್ನ ಕೊಡುವ ಸಂಸ್ಥೆಗಳು. ಅವುಗಳ ಆಯ್ಕೆಗೆ ಬರುವ ಹೊತ್ತಿಗೆ ರಾಜ್ಯ, ರಾಷ್ಟ್ರ ಮಟ್ಟದ ಪ್ರಮಾಣಪತ್ರ ಬೇಕು. ಅದನ್ನು ಗಳಿಸುವ ವಯಸ್ಸು ಹದಿನೇಳರಿಂದ ಇಪ್ಪತ್ತೊಂದು. ನಮ್ಮ ಮಕ್ಕಳು ದುಡಿಯಲು ಊರು ಬಿಡುವ ವಯಸ್ಸೂ ಅದೇ.

ಪಂಜಾಬಿನ ಬಲ್ಲೋಕೆ ಎಂಬ ಪುಟ್ಟ ಹಳ್ಳಿಯ ಸತ್ನಾಮ್ ಸಿಂಗ್ ಉದಾಹರಣೆಯನ್ನು ಜನ ತರುತ್ತಾರೆ. ಏಳಡಿ ಎತ್ತರದ ಆ ಹುಡುಗ ಲೂಧಿಯಾನದ ಅಕಾಡೆಮಿ ಸೇರಿ, 2010ರಲ್ಲಿ ಫ್ಲಾರಿಡಾಕ್ಕೆ ಹೋಗಿ, 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್‌ನ 52ನೇ ಆಯ್ಕೆಯಾದ. ಭಾರತದಲ್ಲಿ ಹುಟ್ಟಿ ಹಾಗೆ ಆಯ್ಕೆಯಾದ ಮೊದಲಿಗ. ಎನ್‌ಬಿಎ ಲೀಗ್ ಪಂದ್ಯವನ್ನು ಮಾತ್ರ ಅವನು ಒಂದೂ ಆಡಲಿಲ್ಲ. ನಾನು ಈ ಉದಾಹರಣೆಯನ್ನು ಮುಂದಿಡಲು ಹಿಂಜರಿಯುತ್ತೇನೆ. ಏಳಡಿಯ ಹುಡುಗನನ್ನು ಯಾರಾದರೂ ಗುರುತಿಸುತ್ತಾರೆ. ಐದೂವರೆ ಅಡಿಯ, ಚೆನ್ನಾಗಿ ಆಟ ಓದಬಲ್ಲ, ಮನೆಯ ಸಾಲಕ್ಕಾಗಿ ಕಬ್ಬಿನ ಗದ್ದೆಗೆ ಹೋದ ಹುಡುಗನ ಬಗ್ಗೆ ನಾವು ಮಾತಾಡಬೇಕಿದೆ.

ಇದಕ್ಕೆ ಕೋಟಿಗಟ್ಟಲೆ ಹಣದ ಕ್ರೀಡಾಂಗಣವೇ ಮೊದಲು ಬೇಕೆಂದೇನಿಲ್ಲ. ಹಣದ ದಾರಿಗಳೂ ಇಲ್ಲದಿಲ್ಲ. ಸಂವಿಧಾನದ 371ಜೆ ವಿಧಿ ಈ ತಾಲ್ಲೂಕುಗಳಿಗೆ ಅನ್ವಯಿಸುತ್ತದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಪಕ್ಕದ ತೋರಣಗಲ್ಲಿನ ಬಳಿ ಜೆಎಸ್‌ಡಬ್ಲ್ಯು ಸಂಸ್ಥೆ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ದೇಶದ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಪಟುಗಳನ್ನು ತಯಾರು ಮಾಡುತ್ತಿದೆ. ಅಂಥ ಸೌಲಭ್ಯ ನಮ್ಮ ಮಗ್ಗುಲಲ್ಲೇ ಇರುವಾಗ, ಅದರ ಗೇಟಿನವರೆಗೆ ಹಡಗಲಿಯ ಮಗುವನ್ನು ಕರೆದೊಯ್ಯುವ ಕೈ ಯಾವುದು ಎಂಬುದೇ ಪ್ರಶ್ನೆ.

ಆ ಕೈಯನ್ನು ಒಂದು ಹುದ್ದೆಯಾಗಿ ಮಾಡಬೇಕು ಎಂಬುದು ನನ್ನ ವಾದ. ತಾಲ್ಲೂಕಿಗೊಬ್ಬರು ಸಾಕು. ಕಳೆದ ಐದು ವರ್ಷದಲ್ಲಿ ಜಿಲ್ಲಾ ಮಟ್ಟ ದಾಟಿ ಈಗ ಶಾಲೆ ಕಾಲೇಜಿನಲ್ಲಿ ಇಲ್ಲದವರ ಹೆಸರನ್ನು ಪಿ.ಟಿ. ಮೇಷ್ಟ್ರುಗಳಿಂದ ಕೇಳಿ ಬರೆದುಕೊಳ್ಳುವುದು ಅವರ ಮೊದಲ ಕೆಲಸ. ಮೇಷ್ಟ್ರುಗಳಿಗೆ ಆ ಹೆಸರುಗಳು ಬಾಯಿಪಾಠ ಇರುತ್ತವೆ, ಕೇಳುವವರು ಬೇಕು ಅಷ್ಟೇ. ನಂತರ ಅವರ ಮನೆಗೆ ಹೋಗಬೇಕು. ಗುಳೆ ಹೋದವರು ಊರಿಗೆ ಬರುವ ಕಾಲ ನಮಗೆಲ್ಲ ಗೊತ್ತು: ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆ, ಆಮೇಲೆ ಕೊಟ್ಟೂರೇಶ್ವರನ ತೇರು, ಯುಗಾದಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಾಯಿತಂದೆ, ಮಗ, ಮಗಳು ಒಟ್ಟಿಗೆ ಮನೆಯಲ್ಲಿ ಸಿಗುವುದು ಆಗಲೇ. ಪಿಯುಸಿಗೋ ಪದವಿಗೋ ಮತ್ತೆ ಸೇರಿಸುವುದು, ಶುಲ್ಕ ಮತ್ತು ಹಾಸ್ಟೆಲ್ ಕೊಡಿಸುವುದು, ಮೊದಲ ಮೂರು ತಿಂಗಳು ಮಗು ಪೆಟ್ಟಿಗೆ ಕಟ್ಟದಂತೆ ವಾರಕ್ಕೊಮ್ಮೆ ಹೋಗಿ ಮಾತಾಡಿಸುವುದು ಉಳಿದ ಕೆಲಸ. ದುಡಿಮೆ ನಿಂತರೆ ಮನೆಗೆ ಆಗುವ ನಷ್ಟವನ್ನು ತುಂಬಲು ತಿಂಗಳಿಗಿಷ್ಟು ಎಂದು ಸಹಾಯಧನವೂ ಬೇಕಾಗುತ್ತದೆ. ಅದಿಲ್ಲದೆ ಈ ಮಾತು ಬಡವರ ಮನೆಯ ಹೊಸ್ತಿಲು ದಾಟುವುದಿಲ್ಲ.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವೂ ಹೊಸಪೇಟೆಯ ಜಿಲ್ಲಾ ಕ್ರೀಡಾ ಕಚೇರಿಯೂ ಕೂಡಿ ಇದನ್ನು ಒಂದು ತಾಲ್ಲೂಕಿನಲ್ಲಿ, ಖೋ ಖೋ ಅಥವಾ ಕಬಡ್ಡಿ ಒಂದೇ ಆಟಕ್ಕೆ, ಇಪ್ಪತ್ತು ಹೆಸರುಗಳಿಂದ ಆರಂಭಿಸಬಹುದು. ಕೂಡ್ಲಿಗಿಯಿಂದಲೇ ಶುರುವಾಗಲಿ. ಮುಂದಿನ ಮೈಲಾರ ಜಾತ್ರೆಗೆ ಮುಂಚೆ ಆ ಪಟ್ಟಿ ತಯಾರಾಗಬೇಕು.